ಕಸ ಹುಟ್ಟುವುದು ಬೆರಕೆಯಲ್ಲಿ

ಮರಳು, ಉಪ್ಪು, ಕಬ್ಬಿಣದ ಪುಡಿ. ಈ ಮೂರನ್ನು ಬೆರೆಸಿ, ಮತ್ತೆ ಬೇರ್ಪಡಿಸುವ ಪ್ರಯೋಗ ನಮ್ಮ ಶಾಲೆಗಳಲ್ಲಿ ಬಹಳ ಹಳೆಯದು. ಮಕ್ಕಳಿಗೆ ಇದು ತುಂಬಾ ಇಷ್ಟ. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಉಳಿದದ್ದಕ್ಕೆ ನೀರು ಹಾಕಿ ಕಲಕಿ ಸೋಸಿದರೆ ಮರಳು ಮೇಲೆ ನಿಲ್ಲುತ್ತದೆ. ಸೋಸಿದ ನೀರನ್ನು ಕಾಯಿಸಿ ಆವಿ ಮಾಡಿದರೆ ತಳದಲ್ಲಿ ಉಪ್ಪು. ಬೆರೆಸಲು ಹತ್ತು ಸೆಕೆಂಡು ಸಾಕು, ಬೇರ್ಪಡಿಸಲು ಇಡೀ ಒಂದು ಪೀರಿಯಡ್ ಬೇಕು. ಅದು ಮುಗಿದ ಮೇಲೆ ನಾನು ಇನ್ನೊಂದು ಕೆಲಸ ಕೊಡುತ್ತೇನೆ. ಅದೇ ಮಿಶ್ರಣಕ್ಕೆ ಒಂದು ಚಮಚ ತೆಂಗಿನೆಣ್ಣೆ, ಒಂದಿಷ್ಟು ಗಂಜಿ, ಹರಿದ ಚಾಕಲೇಟ್ ಕಾಗದದ ಚೂರುಗಳು. ಈಗ ಬೇರ್ಪಡಿಸಿ ನೋಡೋಣ. "ಸರ್, ಇದನ್ನು ಬಿಸಾಡುವುದೇ ಒಳ್ಳೆಯದು" ಎಂದು ಹಿಂದಿನ ಬೆಂಚಿನಿಂದ ಒಂದು ಸ್ವರ ಪ್ರತಿ ವರ್ಷ ಬರುತ್ತದೆ.

ಆ ಸ್ವರ ಹೇಳುವುದು ಸರಿಯೇ. ಆದರೆ ಒಂದು ಮಾತು ಗಮನಿಸಿ. ಮೇಜಿನ ಮೇಲೆ ಇದ್ದ ಆರು ವಸ್ತುಗಳಲ್ಲಿ ಒಂದೂ ನಾಶವಾಗಿಲ್ಲ. ಮರಳು ಮರಳಾಗಿಯೇ ಇದೆ, ಎಣ್ಣೆ ಎಣ್ಣೆಯಾಗಿಯೇ ಇದೆ. ಬಿಸಾಡಬೇಕಾಗಿ ಬಂದದ್ದು ಅವು ಒಂದರೊಳಗೊಂದು ಸೇರಿಕೊಂಡದ್ದರಿಂದ. 'ಶೂನ್ಯ ತ್ಯಾಜ್ಯ' ಎಂಬ ಮಾತು ಈಗ ಪಂಚಾಯತ್ ಸಭೆಗಳಲ್ಲಿ, ಶಾಲಾ ಭಾಷಣ ಸ್ಪರ್ಧೆಗಳಲ್ಲಿ ಸಾಕಷ್ಟು ಕೇಳಿಸುತ್ತಿದೆ. ಅದರ ವಿಜ್ಞಾನ ಬಹುಮಟ್ಟಿಗೆ ಈ ಪ್ರಯೋಗದಲ್ಲಿ ಅಡಗಿದೆ. ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಯೂ ಇಲ್ಲ. ಮನೆಯ ಹಿಂದಿನ ಅಡಿಕೆ ತೋಟಕ್ಕೆ ಇಳಿದರೆ ಸಾಕು.

ಒಂದು ಲೆಕ್ಕ ಮಾಡೋಣ. ಅಡಿಕೆ ಸಸಿಗಳನ್ನು 2.7 ಮೀಟರ್ ಅಂತರದಲ್ಲಿ ನೆಡಬೇಕೆಂಬುದು ಕೃಷಿ ತಜ್ಞರ ಶಿಫಾರಸು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್, ನಮ್ಮ ಲೆಕ್ಕದ ಸುಮಾರು ಎರಡೂವರೆ ಎಕರೆ. ಭಾಗಿಸಿ ನೋಡಿದರೆ 1,371 ಮರಗಳು. ಒಂದು ಮರ ವರ್ಷಕ್ಕೆ ಆರು ಸೋಗೆ ಉದುರಿಸುತ್ತದೆ ಎಂದಿಟ್ಟುಕೊಂಡರೆ ಎಂಟು ಸಾವಿರಕ್ಕೂ ಹೆಚ್ಚು ಸೋಗೆ, ಅಷ್ಟೇ ಹಾಳೆ. ಇನ್ನು ಅಡಿಕೆ ಹಣ್ಣಿನ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಪೇಟೆಗೆ ಹೋಗುವ ಚಾಲಿ ಅಡಿಕೆ ಇಡೀ ತೋಟದ ಬೆಳವಣಿಗೆಯಲ್ಲಿ ಒಂದು ಸಣ್ಣ ಪಾಲು. ಉಳಿದದ್ದೆಲ್ಲ, ಇಂದಿನ ಭಾಷೆಯಲ್ಲಿ ಹೇಳುವುದಾದರೆ, ತ್ಯಾಜ್ಯ!

ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಅಡಿಕೆ ತೋಟದ ಬದಿಯಲ್ಲಿ ಕಸದ ಗುಡ್ಡೆ ಎಂಬುದು ಇರಲಿಲ್ಲ. ಹಾಳೆ ಮುಟ್ಟಾಳೆಯಾಯಿತು, ದನಕ್ಕೆ ಮೇವಾಯಿತು, ಮಕ್ಕಳನ್ನು ಕೂರಿಸಿ ಎಳೆಯುವ ಗಾಡಿಯಾಯಿತು. ಸೋಗೆ ಮಾಡಿಗೆ ಹೊದಿಕೆಯಾಯಿತು, ಮರದ ಬುಡಕ್ಕೆ ಮುಚ್ಚಿಗೆಯಾಯಿತು. ಸಿಪ್ಪೆ ಬಚ್ಚಲೊಲೆಗೆ ಹೋಯಿತು. ಅಲ್ಲಿಂದ ಬಂದ ಬೂದಿ ಪಾತ್ರೆ ತಿಕ್ಕಲು ಒದಗಿ, ಮಿಕ್ಕದ್ದು ಪೊಟ್ಯಾಶ್ ಗೊಬ್ಬರವಾಗಿ ಮರಳಿ ತೋಟಕ್ಕೆ ಬಂತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಬಾಳೆಕಾಯಿಯ ಚೂರು ಎಲ್ಲವೂ ಅಕ್ಕಚ್ಚಿನ ಬಾಲ್ದಿಗೆ. ಅಕ್ಕಚ್ಚು ದನದ ಹೊಟ್ಟೆಗೆ, ಸೆಗಣಿ ಹಟ್ಟಿಗೊಬ್ಬರಕ್ಕೆ, ಗೊಬ್ಬರ ಅಡಿಕೆಯ ಬುಡಕ್ಕೆ.

ಹಿಂದಿನವರೆಲ್ಲ ಪರಿಸರವಾದಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ. ಗೊಬ್ಬರ ಕೊಳ್ಳಲು ಹಣವಿರಲಿಲ್ಲ, ಕೊಳ್ಳಲು ಅಂಗಡಿಯೂ ಇರಲಿಲ್ಲ. ಈ ಸುತ್ತನ್ನು ತಿರುಗಿಸಲು ಮನೆಯ ಹೆಂಗಸರೂ ಕೂಲಿಯಾಳುಗಳೂ ಎಷ್ಟು ಬೆನ್ನು ಬಗ್ಗಿಸಿದರೆಂಬುದನ್ನೂ ಮರೆಯಬಾರದು. ನನ್ನ ಗಮನ ಬೇರೆ ಕಡೆಗೆ. ಈ ಸುತ್ತು ನಡೆಯುತ್ತಿದ್ದುದು ಪ್ರತಿಯೊಂದು ವಸ್ತುವೂ ಬೆರಕೆಯಾಗದೆ ತನ್ನ ಮುಂದಿನ ಬಳಕೆದಾರನನ್ನು ತಲುಪುತ್ತಿದ್ದುದರಿಂದ. ಅಕ್ಕಚ್ಚಿನ ಬಾಲ್ದಿಯಲ್ಲಿ ಬ್ಲೇಡಿನ ಚೂರು ಇರಲಿಲ್ಲ. ಬೂದಿಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ.

ಆಮೇಲೆ ಎರಡು ಬದಲಾವಣೆಗಳಾದವು. ಒಂದು, ಹಟ್ಟಿಯಿಂದ ದನ ಹೋಯಿತು. ಹಾಲು ಪ್ಯಾಕೆಟಿನಲ್ಲಿ ಬರತೊಡಗಿದ ಮೇಲೆ, ಹುಲ್ಲು ತರುವ ಕೈಗಳು ಬೆಂಗಳೂರು ಸೇರಿದ ಮೇಲೆ, ದನ ಸಾಕುವ ಮನೆಗಳು ಕಡಿಮೆಯಾದವು. ದನ ಹೋದ ದಿನವೇ ಅಕ್ಕಚ್ಚು 'ಹಸಿ ಕಸ' ಎಂಬ ಹೊಸ ಹೆಸರು ಪಡೆಯಿತು. ಬಾಳೆಹಣ್ಣಿನ ಸಿಪ್ಪೆಯ ರಾಸಾಯನಿಕ ರಚನೆ ಏನೂ ಬದಲಾಗಲಿಲ್ಲ, ಅದನ್ನು ತಿನ್ನುವವರು ಇಲ್ಲವಾದರು. ಎರಡು, ಅಂಗಡಿಯಿಂದ ತೊಟ್ಟೆಗಳೂ ಪ್ಯಾಕೆಟುಗಳೂ ಬಂದವು. ಅವುಗಳಿಗೆ ತೋಟದಲ್ಲಾಗಲಿ ಹಟ್ಟಿಯಲ್ಲಾಗಲಿ ಮುಂದಿನ ಬಳಕೆದಾರ ಯಾವತ್ತೂ ಇರಲಿಲ್ಲ.

ಅವು ಎಲ್ಲಿಗೆ ಹೋಗುತ್ತವೆ? ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಬಚ್ಚಲೊಲೆಗೆ. ಇದರ ಬಗ್ಗೆ ಹೆತ್ತವರು ಸ್ವಲ್ಪ ಯೋಚಿಸಬೇಕು. ಬಚ್ಚಲೊಲೆಯ ಬೆಂಕಿ ಒಂದೇ ಸಮನಾಗಿ ಉರಿಯುವುದಿಲ್ಲ, ಹೊಗೆಯಾಡುತ್ತಾ, ಆರುತ್ತಾ, ಮತ್ತೆ ಹತ್ತುತ್ತಾ ಇರುತ್ತದೆ. ಪಿವಿಸಿಯಂತಹ ಕ್ಲೋರಿನ್ ಇರುವ ಪ್ಲಾಸ್ಟಿಕ್ ಇಂತಹ ಅರೆಬೆಂಕಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಅವು ಚೆನ್ನಾಗಿ ಒಡೆಯಬೇಕಾದರೆ 850 ಡಿಗ್ರಿ ಸೆಲ್ಸಿಯಸಿಗೂ ಮೇಲಿನ ಉಷ್ಣತೆ ಬೇಕು. ಅದು ನೀರು ಕಾಯಿಸುವ ಒಲೆಗೆ ಹೇಳಿದ ಕೆಲಸವಲ್ಲ. ಹೊಗೆಯನ್ನು ಉಸಿರಾಡುವುದು ಬಾಲ್ದಿಗೆ ಬಿಸಿನೀರು ತುಂಬಿಸಲು ಬಂದ ಮಗು. ಉಳಿದ ಬೂದಿಯೂ ಹಿಂದಿನ ಬೂದಿಯಲ್ಲ. ಕೆದಕಿ ನೋಡಿದರೆ ಮಿರಿಮಿರಿ ಮಿನುಗುವ ಅಲ್ಯೂಮಿನಿಯಮ್ ಚೂರುಗಳು ಕಾಣುತ್ತವೆ. ಪ್ಲಾಸ್ಟಿಕ್‌ನ ಬಣ್ಣಗಳಲ್ಲಿದ್ದ ಭಾರ ಲೋಹಗಳು ಕಣ್ಣಿಗೆ ಕಾಣುವುದಿಲ್ಲ. ಹತ್ತು ಬುಟ್ಟಿ ಅಡಿಕೆ ಸಿಪ್ಪೆಯ ಒಳ್ಳೆಯ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕದಂತೆ ಕೆಡಿಸಲು ಒಂದು ಹಿಡಿ ಪ್ಯಾಕೆಟ್ ಸಾಕು. ನೋಡಿ, ಇಲ್ಲಿಯೂ ಬೆರಕೆಯದೇ ಕಥೆ.

ಈ ಸಣ್ಣ ಪ್ಯಾಕೆಟಿನ ರಚನೆ ಸ್ವಾರಸ್ಯಕರವಾಗಿದೆ. ಚಿಪ್ಸ್ ಪ್ಯಾಕೆಟ್ ಆಗಲಿ, ಶಾಂಪೂ ಸ್ಯಾಶೆ ಆಗಲಿ, ಒಂದೇ ಹಾಳೆಯಂತೆ ಕಂಡರೂ ಸಾಮಾನ್ಯವಾಗಿ ಹಲವು ಪದರಗಳ ಅಂಟಿಕೆ. ಹೊರಗೆ ಅಚ್ಚು ಚೆನ್ನಾಗಿ ಮೂಡಲು ಪಾಲಿಯೆಸ್ಟರಿನಂತಹ ಪದರ. ನಡುವೆ ಬೆಳಕು, ಗಾಳಿ, ತೇವ ಒಳಹೋಗದಂತೆ ಅಲ್ಯೂಮಿನಿಯಮ್. ಒಳಗೆ ಬಿಸಿ ತಾಗಿದಾಗ ಕರಗಿ ಅಂಟಿಕೊಳ್ಳಲು ಪಾಲಿಥೀನ್. ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದರಷ್ಟೋ ಅದಕ್ಕಿಂತ ಕಡಿಮೆಯೋ. ಕುರುಕಲು ತಿಂಡಿ ತಿಂಗಳುಗಟ್ಟಲೆ ಮೆತ್ತಗಾಗದಿರಲು ಈ ಜಾಣ್ಮೆ ಕಾರಣ. ಗುಜರಿಯವನು ಅದನ್ನು ಮುಟ್ಟದಿರಲೂ ಅದೇ ಕಾರಣ. ಪಾಲಿಯೆಸ್ಟರ್ ಮಾತ್ರ ಇದ್ದರೆ ಕರಗಿಸಬಹುದಿತ್ತು, ಅಲ್ಯೂಮಿನಿಯಮ್ ಮಾತ್ರ ಇದ್ದರೆ ಕಿಲೋಗೆ ಒಳ್ಳೆಯ ಬೆಲೆ ಸಿಗುತ್ತಿತ್ತು. ಇದು ಕಾರ್ಖಾನೆಯಲ್ಲಿಯೇ ಬೆರೆತು ಬಂದ ಕಸ. ನಾವು ಎಷ್ಟೇ ಶಿಸ್ತಿನಿಂದ ವಿಂಗಡಿಸಿದರೂ ಅದರ ಒಳಗಿನ ಬೆರಕೆಯನ್ನು ಬಿಡಿಸಲಾರೆವು.

ಅಡಿಕೆ ಬೆಳೆಗಾರರಾದ ನಾವು ಇಲ್ಲಿ ಸ್ವಲ್ಪ ಮುಜುಗರಪಡಬೇಕಾದ ಸಂಗತಿಯೊಂದಿದೆ. ದೇಶದ ಮೂಲೆ ಮೂಲೆಯ ಚರಂಡಿಗಳಲ್ಲಿ ಇಂತಹ ಪ್ಯಾಕೆಟುಗಳನ್ನು ತುಂಬಿಸಿದ್ದರಲ್ಲಿ ಗುಟ್ಕಾದ ಪಾಲು ದೊಡ್ಡದು, ಗುಟ್ಕಾದ ಮುಖ್ಯ ಸಾಮಗ್ರಿ ಅಡಿಕೆ. ಸುಪ್ರೀಂ ಕೋರ್ಟು 2010ರ ಡಿಸೆಂಬರಿನಲ್ಲಿ ಆದೇಶ ನೀಡಿ, 2011ರ ಮಾರ್ಚಿನಿಂದ ಗುಟ್ಕಾ, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಕೂಡದು ಎಂದಿತು. ಆಗ ನಮ್ಮ ಊರುಗಳಲ್ಲಿ ಎದ್ದ ಆತಂಕ ಅಡಿಕೆಯ ಧಾರಣೆಯ ಕುರಿತಾಗಿತ್ತೇ ಹೊರತು ಚರಂಡಿಯ ಕುರಿತಲ್ಲ. 2013ರ ಮೇ ಕೊನೆಯಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನೇ ನಿಷೇಧಿಸಿತು. ಮುಂದೆ ಏನಾಯಿತೆಂಬುದು ಯಾವುದೇ ಗೂಡಂಗಡಿಯ ಮುಂದೆ ನಿಂತರೆ ತಿಳಿಯುತ್ತದೆ. ಪಾನ್ ಮಸಾಲೆ ಒಂದು ಪ್ಯಾಕೆಟಿನಲ್ಲಿ, ತಂಬಾಕು ಇನ್ನೊಂದರಲ್ಲಿ. ಬೆರೆಸಿಕೊಳ್ಳುವ ಕೆಲಸ ಗಿರಾಕಿಯದು. ಒಂದು ಪ್ಯಾಕೆಟಿದ್ದಲ್ಲಿ ಎರಡಾದವು!

ಕಾನೂನಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮರುಬಳಕೆಗೆ ಒದಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳೊಳಗೆ ನಿಲ್ಲಿಸಬೇಕೆಂದು ಕೇಂದ್ರ ಸರ್ಕಾರದ 2016ರ ನಿಯಮ ಹೇಳಿತ್ತು. ಎರಡು ವರ್ಷ ತುಂಬಿದಾಗ, 2018ರಲ್ಲಿ, ಆ ವಾಕ್ಯಕ್ಕೆ ತಿದ್ದುಪಡಿ ಬಂತು. ಮರುಬಳಕೆ ಆಗದಿದ್ದರೂ ಸುಟ್ಟು ಶಾಖ ಪಡೆಯಲು ಬರುವುದಾದರೆ, ಅಥವಾ ಇನ್ನಾವುದಾದರೂ ಉಪಯೋಗಕ್ಕೆ ಬರುವುದಾದರೆ ಅಡ್ಡಿಯಿಲ್ಲ ಎಂದಾಯಿತು. ಸುಟ್ಟರೆ ಶಾಖ ಕೊಡದ ಪ್ಲಾಸ್ಟಿಕ್ ಯಾವುದಿದೆ? ಹೀಗೆ ಪ್ಯಾಕೆಟುಗಳು ಉಳಿದುಕೊಂಡವು. ಈಗ ಅವುಗಳನ್ನು ವಿಂಗಡಿಸಿದ ಕಡೆಗಳಿಂದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುವ ಪದ್ಧತಿ ಇದೆ. ಅಲ್ಲಿ ಸುಮಾರು 1,450 ಡಿಗ್ರಿ ಉಷ್ಣತೆ ಇರುವುದರಿಂದ ಬಚ್ಚಲೊಲೆಗಿಂತ ಎಷ್ಟೋ ಮೇಲು. ಆದರೂ ಅದು ಸುಡುವುದೇ. ಶೂನ್ಯ ತ್ಯಾಜ್ಯದ ಅಂತಾರಾಷ್ಟ್ರೀಯ ಒಕ್ಕೂಟದ ವ್ಯಾಖ್ಯೆ ಸುಡುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ವ್ಯಾಪಾರ, ಕೈಗಾರಿಕೆಗಳಲ್ಲಿ ಕಸ ಇಲ್ಲದಂತೆ ಮಾಡಲು ಸಾಧ್ಯವೇ ಎಂದು ಕೇಳುವವರಿಗೆ ಗೇರುಬೀಜದ ಕಾರ್ಖಾನೆಯನ್ನು ತೋರಿಸಬೇಕು. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದುದು ನಿಮಗೆ ಗೊತ್ತಿರಬಹುದು. ಬೀಜದ ತೂಕದಲ್ಲಿ ತಿನ್ನುವ ತಿರುಳು ಹೆಚ್ಚೆಂದರೆ ಮೂರನೆಯ ಒಂದು ಪಾಲು. ಆದರೆ ಉಳಿದದ್ದನ್ನು ಯಾರೂ ಬಿಸಾಡುವುದಿಲ್ಲ. ಸಿಪ್ಪೆಯನ್ನು ಹಿಂಡಿದರೆ ಬರುವ ಸುಡುವ ಎಣ್ಣೆ ಬಣ್ಣ, ವಾರ್ನಿಷ್‌ಗಳಿಗೂ ವಾಹನಗಳ ಬ್ರೇಕ್ ಲೈನಿಂಗಿಗೂ ಹೋಗುತ್ತದೆ. ಹಿಂಡಿದ ಮೇಲಿನ ಹಿಂಡಿ ಬಾಯ್ಲರಿಗೆ ಉರುವಲು. ತಿರುಳಿನ ಮೇಲಿನ ಕೆಂಪು ಪೊರೆಯಲ್ಲಿ ಟ್ಯಾನಿನ್ ಇದೆ, ಅದಕ್ಕೂ ಗಿರಾಕಿ ಇದ್ದಾನೆ. ಒಡೆದ ತುಂಡಿಗೂ ಪುಡಿಗೂ ಬೇರೆ ಬೇರೆ ದರ. ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನ ಬ್ರೇಕಿನಲ್ಲಿ ನಮ್ಮ ಗುಡ್ಡದ ಗೇರುಸಿಪ್ಪೆಯ ಅಂಶ ಇದ್ದರೂ ಇರಬಹುದು.

ಅದೇ ಗೇರುಮರದ ಹಣ್ಣನ್ನು ನೋಡಿ. ಬೀಜದ ಆರರಿಂದ ಎಂಟು ಪಟ್ಟು ತೂಕ, ಕಿತ್ತಳೆಯನ್ನೂ ಮೀರಿಸುವ ಸಿ ಜೀವಸತ್ವ. ಆದರೂ ಬೀಜ ತಿರುಪಿ ತೆಗೆದ ಮೇಲೆ ಬಹುಪಾಲು ಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಒಂದು ದಿನ ಇಟ್ಟರೆ ಹುಳಿಯಲು ಶುರು, ಪೇಟೆಗೆ ಒಯ್ಯುವಷ್ಟರಲ್ಲಿ ರಸ ಸೋರಿ ಮುಗಿದಿರುತ್ತದೆ. ಸಿಪ್ಪೆಗೆ ಕಾಯುವ ತಾಳ್ಮೆ ಇದೆ, ಒಂದೇ ಕಡೆ ರಾಶಿ ಬೀಳುತ್ತದೆ, ಬೆರಕೆ ಇಲ್ಲ. ಅದಕ್ಕೆ ಬೆಲೆ ಬಂತು. ಹಣ್ಣಿಗೆ ಇದೊಂದೂ ಇಲ್ಲ. ಗುಣ ಮಾತ್ರ ಇದ್ದರೆ ಸಾಲದು.

ಹಾಳೆಯ ತಟ್ಟೆಯ ವಿಷಯವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. ಪ್ಲಾಸ್ಟಿಕ್ ತಟ್ಟೆಗೆ ಬದಲಾಗಿ ಅಡಿಕೆ ಹಾಳೆಯನ್ನು ಯಂತ್ರದಲ್ಲಿ ಒತ್ತಿ ತಟ್ಟೆ ಮಾಡುವ ಉದ್ಯಮ ನಮ್ಮ ಭಾಗದಲ್ಲಿ ಚೆನ್ನಾಗಿ ಬೇರೂರಿ, ತಟ್ಟೆಗಳು ವಿದೇಶಕ್ಕೂ ಹೋದವು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಹಾಳೆಯಲ್ಲಿರುವ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಅಂತಹ ತಟ್ಟೆಗಳ ಆಮದನ್ನು ತಡೆಯುವ ಸೂಚನೆ ಹೊರಡಿಸಿತು. ಉದ್ಯಮಿಗಳಿಗೆ ಇದು ದೊಡ್ಡ ಪೆಟ್ಟು. ನಮ್ಮಲ್ಲಿ ಕೆಲವರು ಇದನ್ನು ಪ್ಲಾಸ್ಟಿಕ್ ಕಂಪೆನಿಗಳ ಪಿತೂರಿ ಎಂದರು, ಕೆಲವರು ಅಜ್ಜನ ಕಾಲದಿಂದ ಉಂಡಿದ್ದೇವೆ ಎಂದರು. ಎರಡೂ ವಿಜ್ಞಾನದ ಉತ್ತರವಲ್ಲ. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆಯ ತಿಂಡಿ, ಇವನ್ನು ಹಾಳೆಯಲ್ಲಿ ಇಷ್ಟಿಷ್ಟು ಹೊತ್ತು ಇಟ್ಟಾಗ ಎಷ್ಟು ಇಳಿಯುತ್ತದೆ ಎಂದು ಅಳೆದು ಪ್ರಕಟಿಸುವುದೇ ಉತ್ತರ. ನೈಸರ್ಗಿಕವಾದುದೆಲ್ಲ ಅಪಾಯವಿಲ್ಲದ್ದು ಎಂಬ ಭಾವನೆಯಿಂದ ಶೂನ್ಯ ತ್ಯಾಜ್ಯದ ಕೆಲಸ ಮುಂದುವರಿಯದು. ತೋಟದಲ್ಲಿಯೂ ಹಾಗೆಯೇ. ಕೊಳೆರೋಗ ತಗಲಿ ಉದುರಿದ ಕಾಯಿಯನ್ನು 'ಮಣ್ಣಿಗೆ ಮಣ್ಣು' ಎಂದು ಮರದ ಬುಡದಲ್ಲಿ ಬಿಟ್ಟರೆ ಆ ಶಿಲೀಂಧ್ರದಂತಹ ಜೀವಿ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ.

ಪೇಟೆಯ ಕಸದಲ್ಲಿ ಅತಿ ದೊಡ್ಡ ಬೆರಕೆ ನಡೆಯುವುದು ಎಲ್ಲಿ ಎಂದು ಕೇಳಿದರೆ ನಾನು ಮದುವೆ ಹಾಲ್‌ಗಳ ಕಡೆಗೆ ಕೈ ತೋರಿಸುತ್ತೇನೆ. ಬಾಳೆಎಲೆಯ ಊಟ. ಎಲೆಯನ್ನು ಹಾಗೆಯೇ ಕೊಟ್ಟರೆ ದನ ಕ್ಷಣದಲ್ಲಿ ಮುಗಿಸೀತು. ಆದರೆ ಎಲೆ ಮಡಚುವಾಗ ಅದರೊಳಗೆ ಐಸ್‌ಕ್ರೀಮಿನ ಕಪ್ಪು, ಅದರ ಚಮಚ, ಅರ್ಧ ಕುಡಿದ ನೀರಿನ ಬಾಟ್ಲಿ, ಪೇಪರ್ ಲೋಟ. ಕಡೆಗೆ ಮೇಜಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಸಮೇತ ಎಲ್ಲವನ್ನೂ ಸುತ್ತಿ ಎಳೆಯುತ್ತಾರೆ. ಪೇಪರ್ ಲೋಟ ಕಾಗದವಲ್ಲವೇ ಎನ್ನಬೇಡಿ, ನೀರು ಸೋರದಂತೆ ಅದರ ಒಳಮೈಗೆ ಪಾಲಿಥೀನಿನ ತೆಳು ಪದರವಿದೆ. ಹೀಗೆ ಐನೂರು ಜನ ಉಂಡ ಎಲೆ ಐದು ನಿಮಿಷದಲ್ಲಿ ಮೇವಿನಿಂದ ಕಸವಾಗಿ ಬದಲಾಗುತ್ತದೆ. ಪಂಕ್ತಿಯ ಕೊನೆಯಲ್ಲಿ ಎರಡು ಡ್ರಮ್ ಇಟ್ಟು, ಒಬ್ಬ ಹುಡುಗನನ್ನು ನಿಲ್ಲಿಸಿದರೆ ಇದನ್ನು ತಪ್ಪಿಸಬಹುದು. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ಇಷ್ಟಕ್ಕೆ ಯಾವ ತಂತ್ರಜ್ಞಾನವೂ ಬೇಡ.

ಬೆರೆತ ಕಸ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮೇಲೆ ಹರಿಯಿತು. ತೆಂಗು, ಅಡಿಕೆ ತೋಟಗಳು ಕಸದಡಿ ಹೂತುಹೋದವು. 27 ಕುಟುಂಬಗಳನ್ನು ಮನೆ ಬಿಡಿಸಿ ಬೇರೆಡೆಗೆ ಕಳಿಸಬೇಕಾಯಿತು. ಸುಳ್ಯದಲ್ಲಿ ಕಲ್ಚರ್ಪೆಯ ಆಸುಪಾಸಿನವರು ತಮ್ಮಲ್ಲಿ ಕಸ ಸುರಿಯುವುದನ್ನು ವಿರೋಧಿಸಿದಾಗ ಅದು ಅತಿರೇಕವೆಂದು ಅನಿಸಿದವರು ಮಂದಾರದ ಚಿತ್ರಗಳನ್ನು ನೋಡಬೇಕು. ಹಸಿ ಕಸ ಪ್ಲಾಸ್ಟಿಕ್ಕಿನ ನಡುವೆ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ, ಬೇಸಗೆಯಲ್ಲಿ ಅದಕ್ಕೆ ಬೆಂಕಿ ಹತ್ತುತ್ತದೆ, ಮಳೆಗಾಲದಲ್ಲಿ ಕಪ್ಪು ರಸ ಇಳಿಯುತ್ತದೆ. ಇಳಿಯುವುದು ಎಲ್ಲಿಗೆ? ಕಡಬದ ಕಡೆಯ ನೀರು ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿ, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿನ ಕುಡಿಯುವ ನೀರಾಗುತ್ತದೆ. ಸುಳ್ಯದ ಪಯಸ್ವಿನಿ ಗಡಿ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿಗೆ ಹೋಗುತ್ತದೆ. ಸುಬ್ರಹ್ಮಣ್ಯದಲ್ಲಿ ತೀರ್ಥಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟುಬರುವ ಭಕ್ತರಿಗೆ ಈ ಭೂಗೋಳ ತಿಳಿದಿದ್ದರೆ ಒಳ್ಳೆಯದಿತ್ತು.

ಅದೇ ಹಸಿ ಕಸ ಬೆರಕೆಯಿಲ್ಲದೆ ಸಿಕ್ಕಿದರೆ ಅದೇ ಮೀಥೇನ್ ಒಲೆಯ ಅನಿಲವಾಗುತ್ತದೆ. ಪುತ್ತೂರಿನ ಬನ್ನೂರಿನಲ್ಲಿ ಹಸಿ ಕಸದಿಂದ ಅನಿಲ ಪಡೆಯುವ ಯೋಜನೆಗೆ ನಗರಸಭೆಯೊಂದಿಗೆ ಊರಿನ ರೋಟರಿಯವರು ಕೈಜೋಡಿಸಿದರು. ಕೆದಂಬಾಡಿಯಲ್ಲಿ ಗ್ರಾಮ ಪಂಚಾಯತುಗಳ ಒಣ ಕಸವನ್ನು ವಿಂಗಡಿಸುವ ಘಟಕ ಬಂತು. ಇಂತಹವು ಬೇಕು. ಆದರೆ ಗೋಬರ್ ಗ್ಯಾಸ್ ಗುಂಡಿ ಕಂಡವರಿಗೆ ಗೊತ್ತು, ಒಳಗಿನ ಬ್ಯಾಕ್ಟೀರಿಯಾಗಳು ನಮ್ಮ ಕರುಳಿನವುಗಳಷ್ಟೇ ಸೂಕ್ಷ್ಮ. ಫಿನಾಯಿಲ್, ಬ್ಯಾಟರಿ, ತೊಟ್ಟೆ ಅವಕ್ಕೆ ಆಗುವುದಿಲ್ಲ. ವಿಂಗಡಣೆಯ ಮೇಜಿನ ಮುಂದೆ ನಿಂತ ಹೆಣ್ಣುಮಕ್ಕಳ ಕೈಗೆ ಮಗುವಿನ ಡೈಪರು, ಒಡೆದ ಟ್ಯೂಬ್‌ಲೈಟು ಸಿಕ್ಕಿದರೆ ಅವರಿಗೂ ಆಗುವುದಿಲ್ಲ. ಇವೆರಡನ್ನು ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿ, ಗುರುತು ಹಾಕಿ ಕೊಡುವುದು ನಮ್ಮಿಂದ ಆಗುವ ಕನಿಷ್ಠ ಮರ್ಯಾದೆ.

ಜಪಾನಿನ ಶಿಕೋಕು ದ್ವೀಪದಲ್ಲಿ ಕಮಿಕತ್ಸು ಎಂಬ ಬೆಟ್ಟದ ಊರಿದೆ. ಜನಸಂಖ್ಯೆ ಸುಮಾರು ಒಂದೂವರೆ ಸಾವಿರ, ನಮ್ಮ ಒಂದು ಸಣ್ಣ ಗ್ರಾಮದಷ್ಟು. ಡಯಾಕ್ಸಿನ್ ಕಾನೂನು ಬಿಗಿಯಾದಾಗ ಊರಿನ ಕಸ ಸುಡುವ ಕುಲುಮೆಗಳನ್ನು ಮುಚ್ಚಬೇಕಾಗಿ ಬಂದು, 2003ರಲ್ಲಿ ಆ ಊರು ಶೂನ್ಯ ತ್ಯಾಜ್ಯದ ಘೋಷಣೆ ಮಾಡಿತು, 2020ರೊಳಗೆ ಎಂದು ಗಡುವು ಹಾಕಿಕೊಂಡಿತು. ಅಲ್ಲಿ ಕಸದ ಲಾರಿ ಬರುವುದಿಲ್ಲ. ಹಸಿ ಕಸ ಮನೆಯಲ್ಲೇ ಗೊಬ್ಬರ. ಉಳಿದುದನ್ನು ಜನರೇ ಒಯ್ದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ. ಗಡುವು ಬಂದಾಗ ಅವರು ಮುಟ್ಟಿದ್ದು ಶೇಕಡಾ 80ರ ಆಸುಪಾಸು. ನಿರಪೇಕ್ಷ ಶೂನ್ಯವಾದ ಮೈನಸ್ 273.15 ಡಿಗ್ರಿಗೆ ಎಷ್ಟು ಹತ್ತಿರ ಹೋದರೂ ಮುಟ್ಟಲಾಗುವುದಿಲ್ಲ ಎಂದು ಪಿಯುಸಿಯವರು ಓದಿರುತ್ತಾರೆ, ಇದೂ ಸ್ವಲ್ಪ ಹಾಗೆಯೇ. ಉಳಿದ 20ರಲ್ಲಿ ಏನಿತ್ತು? ಬಿಡಿಸಲಾಗದಂತೆ ಬೇರೆ ಬೇರೆ ವಸ್ತುಗಳನ್ನು ಸೇರಿಸಿ ಮಾಡಿದ ಸಾಮಾನುಗಳು, ಡೈಪರಿನಂತಹವು. ಅಷ್ಟು ಶಿಸ್ತಿನ ಜನರೂ ಕಾರ್ಖಾನೆಯ ಬೆರಕೆಯ ಮುಂದೆ ನಿಲ್ಲಬೇಕಾಯಿತು.

ಆದ್ದರಿಂದ ವಿದ್ಯಾರ್ಥಿಗಳಿಗೆ ಈ ತಿಂಗಳು ಒಂದು ಚಟುವಟಿಕೆ. ಒಂದು ವಾರ ನಿಮ್ಮ ಮನೆಗೆ ಬಂದ ಪ್ರತಿಯೊಂದು ಪ್ಯಾಕೆಟನ್ನು ತೊಳೆದು ಒಣಗಿಸಿ ಒಂದು ಚೀಲದಲ್ಲಿ ಕೂಡಿಡಿ. ಭಾನುವಾರ ಅಂಗಳದಲ್ಲಿ ಹರವಿ ಎರಡು ರಾಶಿ ಮಾಡಿ. ಹಾಲಿನ ತೊಟ್ಟೆಯಂತೆ ಒಂದೇ ವಸ್ತುವಿನಿಂದಾದವು ಒಂದು ಕಡೆ, ಒಳಗೆ ಬೆಳ್ಳಿಯಂತೆ ಹೊಳೆಯುವ ಬಹುಪದರದವು ಇನ್ನೊಂದು ಕಡೆ. ಮೊದಲನೆಯದನ್ನು ಗುಜರಿಯವರಿಗೆ ತೋರಿಸಿ ಬೆಲೆ ಕೇಳಿ. ಎರಡನೆಯ ರಾಶಿಯಲ್ಲಿ ಯಾವ ಪ್ಯಾಕೆಟು ಎಷ್ಟು ಸಲ ಬಂದಿದೆ, ಅದರಲ್ಲಿ ಎಷ್ಟು ಗ್ರಾಮು ಪದಾರ್ಥ ಇತ್ತು, ಅದೇ ಪದಾರ್ಥ ನಮ್ಮ ಪೇಟೆಯಲ್ಲಿ ಡಬ್ಬಿ ತೆಗೆದುಕೊಂಡು ಹೋದರೆ ಚಿಲ್ಲರೆಯಾಗಿ ಸಿಗುತ್ತದೆಯೇ ಎಂದು ಪಟ್ಟಿ ಮಾಡಿ. ಹಿಂಬದಿಯಲ್ಲಿ ತಯಾರಕರ ವಿಳಾಸ ಅಚ್ಚಾಗಿರುತ್ತದೆ. ನಿಮ್ಮ ಪ್ಯಾಕೆಟನ್ನು ನೀವು ಹೇಗೆ ವಾಪಸು ಪಡೆಯುತ್ತೀರಿ ಎಂದು ತರಗತಿಯ ಎಲ್ಲರೂ ಸಹಿ ಹಾಕಿ ಒಂದು ಅಂಚೆ ಕಾಗದ ಬರೆಯಿರಿ. ಉತ್ತರ ಬಂದರೆ ನನಗೂ ಒಂದು ಪ್ರತಿ ಕಳಿಸಿ.